ಕೋಶ ಕೃಷಿಗೆ ನುಸುಳುವ ಮೈಕೊಪ್ಲಾಸ್ಮ: ಪತ್ತೆ ಹೇಗೆ?

ಹಾಲು ಕೆಟ್ಟರೆ ಒಡೆಯುತ್ತದೆ. ದೋಸೆ ಹಿಟ್ಟು ಹದ ಮೀರಿ ಹುಳಿ ಬಂದರೆ ಮುಚ್ಚಳ ತೆಗೆಯುವ ಮೊದಲೇ ಮೂಗಿಗೆ ಗೊತ್ತಾಗುತ್ತದೆ. ಉಪ್ಪಿನಕಾಯಿ ಜಾಡಿಗೆ ಬೂಷ್ಟು ಹಿಡಿದರೆ ಕಣ್ಣಿಗೆ ಕಾಣುತ್ತದೆ. ಸೂಕ್ಷ್ಮಜೀವಿಗಳು ಬರಿಗಣ್ಣಿಗೆ ಕಾಣದಷ್ಟು ಚಿಕ್ಕವಾದರೂ ಅವು ಮಾಡುವ ಕೆಲಸ ಸಾಮಾನ್ಯವಾಗಿ ಮುಚ್ಚಿಡಲು ಆಗದಂಥದು.

ಜೀವವಿಜ್ಞಾನದ ಪ್ರಯೋಗಶಾಲೆಯಲ್ಲಿಯೂ ಬಹುಮಟ್ಟಿಗೆ ಹೀಗೆಯೇ. ಪ್ರಾಣಿಯ ಜೀವಕೋಶಗಳನ್ನು ಬೆಳೆಸುವ ಸೀಸೆಯೊಳಗೆ ಮಾಮೂಲು ಬ್ಯಾಕ್ಟೀರಿಯ ಹೊಕ್ಕರೆ ಮರುದಿನ ಬೆಳಗಾಗುವಷ್ಟರಲ್ಲಿ ಪೋಷಕ ದ್ರವ ಗಂಜಿಯಂತೆ ಕದಡಿರುತ್ತದೆ. ದ್ರವಕ್ಕೆ ಬೆರೆಸಿದ ಫೀನಾಲ್ ರೆಡ್ ಎಂಬ ಸೂಚಕ ವಸ್ತು, ಆಮ್ಲ ಹೆಚ್ಚಿದ್ದರಿಂದ, ಕೆಂಪಿನಿಂದ ಹಳದಿಗೆ ತಿರುಗಿರುತ್ತದೆ. ಶಿಲೀಂಧ್ರ ಹೊಕ್ಕರೆ ಹತ್ತಿಯ ಎಳೆಗಳಂತೆ ತೇಲುತ್ತದೆ. ಸೀಸೆಯನ್ನು ಎಸೆದು ಹೊಸದಾಗಿ ಆರಂಭಿಸಿದರಾಯಿತು. ಒಂದು ವಾರದ ಶ್ರಮ ಹೋಯಿತು, ಅಷ್ಟೆ.

ಆದರೆ ಯಾವ ಗುರುತನ್ನೂ ತೋರಿಸದೆ ಒಳಗೇ ಸಂಸಾರ ಹೂಡುವ ಒಂದು ಜೀವಿವರ್ಗವಿದೆ. ಅದು ಮೈಕೊಪ್ಲಾಸ್ಮ. ಒಂದು ಮಿಲಿಲೀಟರ್ ದ್ರವದಲ್ಲಿ 1 ಕೋಟಿಯಿಂದ 10 ಕೋಟಿಯವರೆಗೆ ಮೈಕೊಪ್ಲಾಸ್ಮಗಳಿದ್ದರೂ ದ್ರವ ತಿಳಿಯಾಗಿಯೇ ಇರಬಲ್ಲದು. ವಾಸನೆಯಿಲ್ಲ, ಬಣ್ಣ ಕೆಡುವುದಿಲ್ಲ, ಜೀವಕೋಶಗಳು ಸಾಯುವುದೂ ಅಪರೂಪ. ಸಾಧಾರಣ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಹಾಗಾದರೆ ತೊಂದರೆಯೇನು? ತೊಂದರೆ ಇರುವುದೇ ಅಲ್ಲಿ. ಸೀಸೆ ಕೆಟ್ಟಿದೆ ಎಂದು ಗೊತ್ತಾಗದ ಸಂಶೋಧಕ ಅದರಿಂದಲೇ ಫಲಿತಾಂಶಗಳನ್ನು ಪಡೆಯುತ್ತಾನೆ, ಪ್ರಕಟಿಸುತ್ತಾನೆ, ಅವನ್ನು ನಂಬಿ ಇನ್ನೊಬ್ಬರು ಮುಂದಿನ ಪ್ರಯೋಗ ಮಾಡುತ್ತಾರೆ.

ಸೀಸೆಯೊಳಗಿನ ಬೇಸಾಯ

ಜೀವಕೋಶಗಳನ್ನು ದೇಹದ ಹೊರಗೆ ಬೆಳೆಸುವ ವಿದ್ಯೆಗೆ ನೂರು ವರ್ಷ ದಾಟಿದೆ. 1907ರಲ್ಲಿ ಅಮೆರಿಕದ ರಾಸ್ ಹ್ಯಾರಿಸನ್ ಕಪ್ಪೆಯ ಭ್ರೂಣದಿಂದ ತೆಗೆದ ನರ ಅಂಗಾಂಶದ ಚೂರನ್ನು ಒಂದು ಹನಿ ದುಗ್ಧರಸದಲ್ಲಿ ಇಟ್ಟು, ಅದರಿಂದ ನರತಂತುಗಳು ಚಿಗುರುವುದನ್ನು ಕಂಡ. 1951ರಲ್ಲಿ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಹೆನ್ರಿಯೆಟಾ ಲ್ಯಾಕ್ಸ್ ಎಂಬ ಮಹಿಳೆಯ ಗರ್ಭಕಂಠದ ಗೆಡ್ಡೆಯಿಂದ ತೆಗೆದ ಕೋಶಗಳನ್ನು ಜಾರ್ಜ್ ಗೈ ಬೆಳೆಸಿದರು. ಆಕೆ ಅದೇ ವರ್ಷ ತೀರಿಕೊಂಡರು. ಆಕೆಯ ಅನುಮತಿ ಕೇಳದೆ ತೆಗೆದ ಆ ಕೋಶಗಳು 'ಹೀಲಾ' ಎಂಬ ಹೆಸರಿನಲ್ಲಿ ಇಂದಿಗೂ ಜಗತ್ತಿನ ಪ್ರಯೋಗಶಾಲೆಗಳಲ್ಲಿ ವಿಭಜನೆಗೊಳ್ಳುತ್ತಲೇ ಇವೆ. ಅದು ಬೇರೆಯೇ ಒಂದು ಕಥೆ, ಇಲ್ಲಿ ಬೇಡ.

ಇಂದು ಲಸಿಕೆಗಳನ್ನು ತಯಾರಿಸಲು ವೈರಸ್ಸನ್ನು ಬೆಳೆಸುವುದು ಕೋಶ ಕೃಷಿಯಲ್ಲಿ. ಕ್ಯಾನ್ಸರಿಗೆ ಹೊಸ ಔಷಧಿಯ ಮೊದಲ ಪರೀಕ್ಷೆ ನಡೆಯುವುದು ಕೋಶ ಕೃಷಿಯಲ್ಲಿ. ಚುಚ್ಚುಮದ್ದಿನ ರೂಪದಲ್ಲಿ ಕೊಡುವ ಎಷ್ಟೋ ಪ್ರೋಟೀನ್ ಔಷಧಿಗಳು ಹುಟ್ಟುವುದೂ ಅಲ್ಲಿಯೇ. ಕೋಶಗಳಿಗೆ ಸಕ್ಕರೆ, ಅಮೈನೋ ಆಮ್ಲಗಳು, ಲವಣಗಳು, ಜೀವಸತ್ವಗಳಿರುವ ದ್ರವ ಕೊಡುತ್ತಾರೆ. ಅದಕ್ಕೆ ಸಾಮಾನ್ಯವಾಗಿ ಭ್ರೂಣಾವಸ್ಥೆಯ ಕರುವಿನ ಸೀರಂ ಬೆರೆಸುತ್ತಾರೆ. ನಮ್ಮ ಮೈಯಷ್ಟೇ ಬಿಸಿ, ಅಂದರೆ 37 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಇಡುತ್ತಾರೆ. ಇಷ್ಟು ಪುಷ್ಟಿಯಾದ ಊಟ, ಇಷ್ಟು ಬೆಚ್ಚನೆಯ ಮನೆ ಇದ್ದಲ್ಲಿ ಕರೆಯದ ನೆಂಟರು ಬಾರದಿರುತ್ತಾರೆಯೇ? ದೇಹದಲ್ಲಾದರೆ ಓಡಿಸಲು ಬಿಳಿ ರಕ್ತಕಣಗಳಿವೆ. ಸೀಸೆಯಲ್ಲಿ ಯಾರೂ ಇಲ್ಲ.

ಗೋಡೆಯಿಲ್ಲದ ಜೀವಿ

ಮೈಕೊಪ್ಲಾಸ್ಮದ ಪರಿಚಯ ನಮಗಾದದ್ದು ದನಗಳ ರೋಗದಿಂದ. ದನಗಳ ಪುಪ್ಪುಸಕ್ಕೂ ಅದರ ಹೊದಿಕೆಗೂ ತಗಲುವ ಸಾಂಕ್ರಾಮಿಕ ಪ್ಲೂರೋನ್ಯುಮೋನಿಯ ಯೂರೋಪಿನ ರೈತರನ್ನು ಕಂಗೆಡಿಸಿತ್ತು. 1898ರಲ್ಲಿ ಪ್ಯಾರಿಸ್ಸಿನಲ್ಲಿ ನೊಕಾರ್ ಮತ್ತು ರೂ ಅವರ ತಂಡ ಅದರ ಕಾರಕ ಜೀವಿಯನ್ನು ಮೊದಲ ಬಾರಿಗೆ ಬೆಳೆಸಿ ತೋರಿಸಿತು. ಬ್ಯಾಕ್ಟೀರಿಯಗಳನ್ನು ತಡೆಯುವ ಸೋಸುಪೊರೆಗಳಲ್ಲಿ ಅದು ಸಲೀಸಾಗಿ ನುಸುಳುತ್ತಿತ್ತು. ಆದರೆ ವೈರಸ್ಸಿನಂತಲ್ಲದೆ ಜೀವಕೋಶದ ಆಸರೆಯಿಲ್ಲದೆಯೇ ಬೆಳೆಯುತ್ತಿತ್ತು. ಅತ್ತ ವೈರಸ್ಸೂ ಅಲ್ಲ, ಇತ್ತ ಸಾಧಾರಣ ಬ್ಯಾಕ್ಟೀರಿಯವೂ ಅಲ್ಲ ಎಂಬಂತಿದ್ದ ಈ ಗುಂಪಿಗೆ ಬಹುಕಾಲ 'ಪ್ಲೂರೋನ್ಯುಮೋನಿಯದಂಥ ಜೀವಿಗಳು' ಎಂಬ ಉದ್ದನೆಯ ಹೆಸರೇ ಇತ್ತು. ನಮ್ಮ ದೇಶವೂ ಈ ದನದ ರೋಗವನ್ನು ಕಂಡಿದೆ. ಭಾರತ ಅದರಿಂದ ಮುಕ್ತವೆಂದು ಅಂತರರಾಷ್ಟ್ರೀಯ ಮಾನ್ಯತೆ ಸಿಕ್ಕಿದ್ದು 2007ರಲ್ಲಿ.

ಮೈಕೊಪ್ಲಾಸ್ಮ ಬ್ಯಾಕ್ಟೀರಿಯದ ಜಾತಿಗೇ ಸೇರಿದ್ದು. ಆದರೆ ಬ್ಯಾಕ್ಟೀರಿಯಕ್ಕೆ ಇರುವ ಗಟ್ಟಿ ಕೋಶಭಿತ್ತಿ ಇದಕ್ಕಿಲ್ಲ. ತೆಳುವಾದ ಕೋಶಪೊರೆ ಮಾತ್ರ. ಈ ಒಂದು ಕೊರತೆಯಿಂದ ಅದರ ಮುಖ್ಯ ಗುಣಗಳೆಲ್ಲ ಹೊಮ್ಮುತ್ತವೆ. ಗೋಡೆಯಿಲ್ಲದ್ದರಿಂದ ಅದಕ್ಕೆ ನಿಶ್ಚಿತ ಆಕಾರವಿಲ್ಲ, ಎಳೆದರೆ ಎಳೆದ ಹಾಗೆ ಬಾಗುತ್ತದೆ. ವ್ಯಾಸ ಸುಮಾರು 0.3ರಿಂದ 0.8 ಮೈಕ್ರಾನ್, ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ಪ್ರಯೋಗಶಾಲೆಯಲ್ಲಿ ದ್ರವಗಳನ್ನು ಸೋಸಲು ಬಳಸುವ ಪೊರೆಯ ರಂಧ್ರ 0.45 ಅಥವಾ 0.22 ಮೈಕ್ರಾನ್. ಮೆತ್ತಗಿನ ಮೈಯ ಈ ಜೀವಿ ಒತ್ತಡ ಬಿದ್ದಾಗ ಅಂಥ ರಂಧ್ರದಲ್ಲೂ ತೂರಿಕೊಳ್ಳಬಲ್ಲದು. ಇನ್ನು ಪೆನಿಸಿಲಿನ್. ಅದು ಕೆಲಸ ಮಾಡುವುದು ಬ್ಯಾಕ್ಟೀರಿಯ ತನ್ನ ಗೋಡೆ ಕಟ್ಟುವುದನ್ನು ತಡೆಯುವ ಮೂಲಕ. ಗೋಡೆಯನ್ನೇ ಕಟ್ಟದವನಿಗೆ ಇಟ್ಟಿಗೆ ಸಿಗದಂತೆ ಮಾಡಿದರೆ ಅವನಿಗೇನು ನಷ್ಟ?

ಅದರ ವಂಶವಾಹಿ ಸಂಪತ್ತೂ ಅತ್ಯಂತ ಕಿರಿದು. 1995ರಲ್ಲಿ ಪೂರ್ಣವಾಗಿ ಓದಲಾದ ಮೈಕೊಪ್ಲಾಸ್ಮ ಜೆನಿಟೇಲಿಯಂನ ಡಿ.ಎನ್.ಎ.ಯಲ್ಲಿ ಇದ್ದದ್ದು ಸುಮಾರು 5,80,000 ಅಕ್ಷರಗಳು ಮಾತ್ರ. ನಮ್ಮ ಕರುಳಿನ ಇ. ಕೋಲೈ ಬ್ಯಾಕ್ಟೀರಿಯದಲ್ಲಿ ಸುಮಾರು 46 ಲಕ್ಷ ಇವೆ. ಇಷ್ಟು ಕಡಿಮೆ ಬಂಡವಾಳದಲ್ಲಿ ಬದುಕುವುದೆಂದರೆ ಬೇಕಾದದ್ದನ್ನೆಲ್ಲ ಪರರಿಂದ ಪಡೆಯಬೇಕು. ಅಮೈನೋ ಆಮ್ಲಗಳು, ಡಿ.ಎನ್.ಎ. ಕಟ್ಟಲು ಬೇಕಾದ ಬಿಡಿಭಾಗಗಳು, ಕೋಶಪೊರೆಗೆ ಬೇಕಾದ ಕೊಲೆಸ್ಟರಾಲ್, ಎಲ್ಲವೂ ಎರವಲು. ಕೋಶ ಕೃಷಿಯ ಸೀಸೆಯಲ್ಲಿ ಇವೆಲ್ಲವೂ ಧಾರಾಳ.

ಇದರ ದಾಯಾದಿಗಳನ್ನು ನೀವು ಬಲ್ಲಿರಿ. ಬದನೆ ಗಿಡದ ಎಲೆಗಳು ಸಣ್ಣಗಾಗಿ ಗುಚ್ಛವಾಗುವ ಸಣ್ಣ ಎಲೆ ರೋಗ, 1899ರಲ್ಲಿ ಕೊಡಗಿನಿಂದ ವರದಿಯಾದ ಶ್ರೀಗಂಧದ ಸ್ಪೈಕ್ ರೋಗ, ಇವಕ್ಕೆ ಕಾರಣ ಇದೇ ವರ್ಗಕ್ಕೆ ಸೇರಿದ, ಗೋಡೆಯಿಲ್ಲದ ಫೈಟೊಪ್ಲಾಸ್ಮಗಳು. ಮಲೆನಾಡಿನ ತೋಟಗಳನ್ನು ಕಾಡುವ ಅಡಿಕೆಯ ಹಳದಿ ಎಲೆ ರೋಗಕ್ಕೂ ಇವನ್ನೇ ಹೊಣೆ ಮಾಡಲಾಗಿದೆ. ಶ್ರೀಗಂಧದ ರೋಗವನ್ನು ಬಹಳ ವರ್ಷ ವೈರಸ್ಸಿನದೆಂದೇ ನಂಬಲಾಗಿತ್ತು. ಮನುಷ್ಯರ ವಿಷಯದಲ್ಲೂ ಇದೇ ತಪ್ಪು ನಡೆದಿದೆ. ಒಂದು ಬಗೆಯ ನ್ಯುಮೋನಿಯಕ್ಕೆ ಕಾರಣವಾದ, 1944ರಲ್ಲಿ ಈಟನ್ ಕಂಡುಹಿಡಿದ ಜೀವಿ ಸೋಸುಪೊರೆಯಲ್ಲಿ ತೂರಿದ್ದರಿಂದ ಅದು ವೈರಸ್ ಎಂದೇ ಹೆಸರಾಯಿತು. 1962ರಲ್ಲಿ ಚಾನಕ್, ಹೇಫ್ಲಿಕ್, ಬರೈಲ್ ಎಂಬ ಮೂವರು ಅದನ್ನು ಅಗಾರ್ ಮೇಲೆ ಬೆಳೆಸಿ ಅದು ಮೈಕೊಪ್ಲಾಸ್ಮವೆಂದು ತೋರಿಸಿದರು. ವೈರಸ್ಸಾಗಿದ್ದರೆ ಆಂಟಿಬಯಾಟಿಕ್ ನಿರುಪಯೋಗಿ; ಮೈಕೊಪ್ಲಾಸ್ಮವಾದ್ದರಿಂದ ಟೆಟ್ರಾಸೈಕ್ಲಿನ್‌ನಂಥ ಔಷಧಿ ಅದಕ್ಕೆ ನಾಟುತ್ತದೆ. ಹೆಸರು ತಪ್ಪಾದರೆ ಚಿಕಿತ್ಸೆಯೂ ತಪ್ಪುತ್ತದೆ ಎನ್ನುವುದಕ್ಕೆ ಇದೊಂದು ಉದಾಹರಣೆ.

ಒಳಗೆ ಬಂದದ್ದು ಹೇಗೆ?

ಕೋಶ ಕೃಷಿಯಲ್ಲಿ ಮೈಕೊಪ್ಲಾಸ್ಮ ಇರುವುದು ಮೊದಲು ವರದಿಯಾದದ್ದು 1956ರಲ್ಲಿ. ಆ ಕೋಶಗಳು ಮೇಲೆ ಹೇಳಿದ ಹೀಲಾ ಕೋಶಗಳೇ. ಅಂದಿನಿಂದ ಇಂದಿನವರೆಗೆ ಹೆಚ್ಚಾಗಿ ಸಿಕ್ಕಿಬಿದ್ದಿರುವ ಪ್ರಭೇದಗಳು ಬೆರಳೆಣಿಕೆಯಷ್ಟು. ಅವುಗಳ ಹೆಸರಿನಿಂದಲೇ ಊರು ಗೊತ್ತಾಗುತ್ತದೆ. ಮೈಕೊಪ್ಲಾಸ್ಮ ಓರಾಲೆ ಮನುಷ್ಯನ ಬಾಯಿ, ಗಂಟಲಲ್ಲಿ ತೊಂದರೆ ಕೊಡದೆ ವಾಸಿಸುವಂಥದು. ಮೈಕೊಪ್ಲಾಸ್ಮ ಹಯೊರೈನಿಸ್ ಹಂದಿಯ ಮೂಗಿನದು. ಕೋಶಗಳನ್ನು ಸೀಸೆಯ ತಳದಿಂದ ಬಿಡಿಸಲು ಬಳಸುವ ಟ್ರಿಪ್ಸಿನ್ ಕಿಣ್ವವನ್ನು ಹಂದಿಯ ಮೇದೋಜೀರಕ ಗ್ರಂಥಿಯಿಂದ ತೆಗೆಯುತ್ತಿದ್ದುದರಿಂದ ಅದರೊಡನೆ ಬಂದಿರಬೇಕು. ಮೈಕೊಪ್ಲಾಸ್ಮ ಆರ್ಜಿನೈನಿ ಮತ್ತು ಅಕೋಲಿಪ್ಲಾಸ್ಮ ಲೇಡ್ಲಾವಿ ದನಕರುಗಳ ಸೀರಂನೊಂದಿಗೆ ಬಂದವು.

ಹಿಂದೆ ದ್ರವವನ್ನು ಪಿಪೆಟ್ಟಿನಿಂದ ಬಾಯಲ್ಲೇ ಎಳೆದುಕೊಳ್ಳುವ ರೂಢಿಯಿತ್ತು. ನಿಮ್ಮ ಕಾಲೇಜಿನ ರಸಾಯನಶಾಸ್ತ್ರದ ಪ್ರಯೋಗಾಲಯದ ಹಳಬರನ್ನು ಕೇಳಿದರೆ ಹೇಳಿಯಾರು. ಆ ರೂಢಿ ಹೋಯಿತು, ಸೀರಂ ತಯಾರಕರೂ ಇನ್ನೂ ಸಣ್ಣ ರಂಧ್ರದ ಪೊರೆಗಳಿಂದ ಸೋಸತೊಡಗಿದರು. ಆದರೂ ಸೋಂಕು ನಿಂತಿಲ್ಲ. ಏಕೆಂದರೆ ಇಂದು ಸೋಂಕಿನ ಬಹುದೊಡ್ಡ ಮೂಲ ಸೋಂಕು ತಗಲಿದ ಇನ್ನೊಂದು ಸೀಸೆ. ಗೆಳೆಯರ ಪ್ರಯೋಗಶಾಲೆಯಿಂದ, ಹೆಪ್ಪು ಕೊಟ್ಟು ತೆಗೆದುಕೊಂಡಂತೆ, ಕೋಶಗಳನ್ನು ಎರವಲು ತರುತ್ತಾರೆ. ಜೊತೆಗೆ ಮೈಕೊಪ್ಲಾಸ್ಮವೂ ಬರುತ್ತದೆ.

ಹರಡುವ ವೇಗ ಎಷ್ಟೆಂದು ಅಮೆರಿಕದ ಜೆರಾರ್ಡ್ ಮೆಕ್‌ಗ್ಯಾರಿಟಿ 1976ರಲ್ಲಿ ಪ್ರಯೋಗ ಮಾಡಿಯೇ ತೋರಿಸಿದರು. ಬೇಕೆಂದೇ ಸೋಂಕು ತಗಲಿಸಿದ ಕೋಶಗಳನ್ನು, ಶುದ್ಧಗೊಳಿಸಿದ ಗಾಳಿ ಹರಿಯುವ ಕೆಲಸದ ಮೇಜಿನಲ್ಲಿ, ಎಂದಿನ ರೀತಿಯಲ್ಲೇ ಒಂದು ಸೀಸೆಯಿಂದ ಇನ್ನೊಂದಕ್ಕೆ ವರ್ಗಾಯಿಸಲಾಯಿತು. ಬಳಿಕ ಹುಡುಕಿದಾಗ ಜೀವಂತ ಮೈಕೊಪ್ಲಾಸ್ಮ ಸಿಕ್ಕಿದ್ದು ಎಲ್ಲೆಲ್ಲಿ ಗೊತ್ತೆ? ಕೆಲಸ ಮಾಡಿದವರ ಮೈಮೇಲೆ, ಸೀಸೆಗಳ ಹೊರಮೈಯಲ್ಲಿ, ಕೋಶ ಎಣಿಸುವ ಗಾಜಿನ ಮೇಲೆ, ಬಳಸಿದ ಪಿಪೆಟ್ ಹಾಕುವ ಪಾತ್ರೆಯ ಹೊರಗೆ. ಮೇಜಿನ ಮೇಲೆ ಹಲವು ದಿನಗಳ ನಂತರವೂ ಇದ್ದವು. ಅದೇ ಮೇಜಿನಲ್ಲಿ ವಾರಕ್ಕೊಮ್ಮೆ ವರ್ಗಾಯಿಸುತ್ತಿದ್ದ ಶುದ್ಧವಾದ ಇನ್ನೊಂದು ಕೃಷಿಗೆ ಆರು ವಾರಗಳಲ್ಲಿ ಸೋಂಕು ತಗಲಿತು. ಸೋಂಕಿತ ಕೋಶಗಳನ್ನು ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸಿಟ್ಟರೆ ಮೈಕೊಪ್ಲಾಸ್ಮವೂ ಅವುಗಳೊಂದಿಗೆ ಸುರಕ್ಷಿತವಾಗಿರುತ್ತದೆ, ವರ್ಷಗಳ ನಂತರ ಕರಗಿಸಿದಾಗ ಎದ್ದು ಕೂಡುತ್ತದೆ.

ಎಲ್ಲ ದ್ರವಗಳಿಗೂ ಪೆನಿಸಿಲಿನ್ ಮತ್ತು ಸ್ಟ್ರೆಪ್ಟೊಮೈಸಿನ್ ಬೆರೆಸಿ ನಿಶ್ಚಿಂತರಾಗಿರುವ ಪ್ರಯೋಗಶಾಲೆಗಳಲ್ಲಿ ಸೋಂಕು ಹೆಚ್ಚು ಎಂಬುದು ಗಮನಾರ್ಹ. ಕೆಲಸಗಾರ ಎಡವಿದಾಗ ಮಾಮೂಲು ಬ್ಯಾಕ್ಟೀರಿಯ ಹೊಕ್ಕು ದ್ರವ ಕದಡಿದ್ದರೆ ಅವನಿಗೆ ಎಚ್ಚರಿಕೆಯಾಗುತ್ತಿತ್ತು. ಔಷಧಿ ಆ ಬ್ಯಾಕ್ಟೀರಿಯವನ್ನು ಕೊಂದು ಎಡವಟ್ಟನ್ನು ಮುಚ್ಚಿಹಾಕುತ್ತದೆ; ಅದೇ ದಾರಿಯಲ್ಲಿ ಬಂದ ಮೈಕೊಪ್ಲಾಸ್ಮ ಮಾತ್ರ ಉಳಿದುಕೊಳ್ಳುತ್ತದೆ.

ಒಳಗೆ ನಡೆಯುವ ಕಳ್ಳತನ

ಸೀಸೆಯಲ್ಲಿ ಒಂದು ಜೀವಕೋಶಕ್ಕೆ ನೂರಾರು ಮೈಕೊಪ್ಲಾಸ್ಮಗಳು ಅಂಟಿಕೊಂಡಿರಬಹುದು. ಕೆಲವು ಪ್ರಭೇದಗಳು ಆರ್ಜಿನೈನ್ ಎಂಬ ಅಮೈನೋ ಆಮ್ಲವನ್ನು ಒಡೆದು ಶಕ್ತಿ ಪಡೆಯುತ್ತವೆ. ಆರ್ಜಿನೈನ್ ಮುಗಿದರೆ ಜೀವಕೋಶ ಪ್ರೋಟೀನ್ ಕಟ್ಟಲಾರದು. ಬೆಳವಣಿಗೆ ನಿಧಾನವಾಗುತ್ತದೆ, ವರ್ಣತಂತುಗಳು ಮುರಿಯುವುದೂ ಉಂಟು. ಇನ್ನೂ ಸೂಕ್ಷ್ಮವಾದದ್ದು ಥೈಮಿಡಿನ್‌ನ ಕಳ್ಳತನ. ಥೈಮಿಡಿನ್ ಡಿ.ಎನ್.ಎ.ಯ ಒಂದು ಬಿಡಿಭಾಗ. ಕೋಶಗಳು ಎಷ್ಟು ಚುರುಕಾಗಿ ವಿಭಜಿಸುತ್ತಿವೆ ಎಂದು ತಿಳಿಯಲು ಅವಕ್ಕೆ ವಿಕಿರಣಶೀಲ ಥೈಮಿಡಿನ್ ಕೊಟ್ಟು, ಎಷ್ಟು ಒಳಸೇರಿತೆಂದು ಅಳೆಯುವುದು ಹಳೆಯ, ನಂಬಿಕಸ್ಥ ವಿಧಾನ. ಮೈಕೊಪ್ಲಾಸ್ಮದ ಕಿಣ್ವ ಥೈಮಿಡಿನ್ನನ್ನು ಮುರಿದು ಪ್ರಾಣಿಕೋಶಕ್ಕೆ ಉಪಯೋಗವಿಲ್ಲದ ಥೈಮಿನ್ ಆಗಿಸಿಬಿಡುತ್ತದೆ.

ಈಗ ಹೀಗೆ ಊಹಿಸಿ. ಸಂಶೋಧನಾ ವಿದ್ಯಾರ್ಥಿನಿಯೊಬ್ಬಳು ಕ್ಯಾನ್ಸರ್ ಕೋಶಗಳ ಸೀಸೆಯಿಂದ ದ್ರವ ತೆಗೆದು ಬಿಳಿ ರಕ್ತಕಣಗಳ ಮೇಲೆ ಹಾಕುತ್ತಾಳೆ. ರಕ್ತಕಣಗಳ ಥೈಮಿಡಿನ್ ಲೆಕ್ಕ ಥಟ್ಟನೆ ಇಳಿಯುತ್ತದೆ. ಕ್ಯಾನ್ಸರ್ ಕೋಶ ರಕ್ಷಣಾ ವ್ಯವಸ್ಥೆಯನ್ನು ಕುಗ್ಗಿಸುವ ಏನನ್ನೋ ಸ್ರವಿಸುತ್ತಿದೆ ಎಂದು ಅವಳಿಗೆ ಅನಿಸುವುದು ಸಹಜ. ಆ 'ಏನೋ' ಒಂದನ್ನು ಶುದ್ಧೀಕರಿಸಲು ಎರಡು ವರ್ಷ ದುಡಿಯುತ್ತಾಳೆ. ಕೊನೆಗೆ ಸಿಗುವುದು ಮೈಕೊಪ್ಲಾಸ್ಮದ ಕಿಣ್ವ! ಪ್ರಯೋಗದಲ್ಲಿ ಅಳತೆ ತಪ್ಪಿಲ್ಲ, ಲೆಕ್ಕ ತಪ್ಪಿಲ್ಲ, ಸೀಸೆಯಲ್ಲಿ ಇನ್ನೊಬ್ಬರು ಇದ್ದರು, ಅಷ್ಟೆ.

ಒಂದೇ ಬಗೆಯ ಪ್ರತಿಕಾಯ ತಯಾರಿಸುವ ಹೈಬ್ರಿಡೋಮ ವಿಧಾನಕ್ಕೂ ಇದೇ ಗತಿ. 1975ರಲ್ಲಿ ಕೋಲರ್ ಮತ್ತು ಮಿಲ್‌ಸ್ಟೈನ್ ಪ್ರಕಟಿಸಿದ ಈ ವಿಧಾನದಲ್ಲಿ, ಬೆಸೆದ ಕೋಶಗಳು ನಾವು ಕೊಟ್ಟ ಥೈಮಿಡಿನ್ ಬಳಸಿಕೊಂಡು ಬದುಕುತ್ತವೆ, ಬೇಡದ ಕೋಶಗಳು ಸಾಯುತ್ತವೆ. ಮೈಕೊಪ್ಲಾಸ್ಮ ಥೈಮಿಡಿನ್ನನ್ನು ಮೊದಲೇ ಮುಗಿಸಿದರೆ ಬೇಕಾದವೂ ಸಾಯುತ್ತವೆ.

ಇದು ಹಳೆಯ ಕಾಲದ ಸಮಸ್ಯೆ ಎಂದುಕೊಳ್ಳಬೇಡಿ. 2015ರಲ್ಲಿ ಇಬ್ಬರು ಅಮೆರಿಕದ ಸಂಶೋಧಕರು ಸಾರ್ವಜನಿಕ ಭಂಡಾರದಲ್ಲಿ ಇತರರು ಇಟ್ಟಿದ್ದ ಆರ್.ಎನ್.ಎ. ಮಾಹಿತಿಯನ್ನು ಜಾಲಾಡಿದರು. ಒಟ್ಟು 884 ಅಧ್ಯಯನಗಳ 9,395 ಮಾದರಿಗಳು. ಪ್ರಾಣಿಕೋಶದ್ದೆಂದು ಇಟ್ಟಿದ್ದ ಮಾಹಿತಿಯ ನಡುವೆ ಮೈಕೊಪ್ಲಾಸ್ಮದ ಅಕ್ಷರಗಳು ಬೆರೆತಿವೆಯೇ ಎಂದು ನೋಡಿದರು. ಶೇಕಡಾ 11ರಷ್ಟು ಅಧ್ಯಯನಗಳಲ್ಲಿ ಬೆರೆತಿದ್ದವು.

ಒಮ್ಮೆ ಮಾತ್ರ ಈ ಕಳ್ಳ ಒಂದು ನಿಜವಾದ ಬಾಗಿಲನ್ನು ತೋರಿಸಿಕೊಟ್ಟ. ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ಸಂಶೋಧಕರು ಹಾಗೂ ಅವರ ಸಹೋದ್ಯೋಗಿಗಳು ಕ್ಯಾನ್ಸರ್ ಕೋಶಗಳು ಔಷಧಿಗೆ ಬಗ್ಗದಿರಲು ಕಾರಣವೇನೆಂದು ಹುಡುಕುತ್ತಿದ್ದರು. ಚರ್ಮದ ಕೆಲವು ಕೋಶಗಳನ್ನು ಬೆಳೆಸಿದ ದ್ರವ ತಗಲಿದರೆ ಮೇದೋಜೀರಕದ ಕ್ಯಾನ್ಸರಿಗೆ ಕೊಡುವ ಜೆಮ್‌ಸೈಟಬಿನ್ ಎಂಬ ಔಷಧಿ ನಾಟುತ್ತಿರಲಿಲ್ಲ. ಪತ್ತೆ ಮಾಡಿದಾಗ ಆ ದ್ರವದಲ್ಲಿ ಸಿಕ್ಕಿದ್ದು ಮೈಕೊಪ್ಲಾಸ್ಮ ಹಯೊರೈನಿಸ್. ಔಷಧಿಯನ್ನು ಅದೇ ಮುರಿದುಹಾಕುತ್ತಿತ್ತು. ಬೇರೆಯವರಾಗಿದ್ದರೆ ಸೀಸೆ ಎಸೆದು ಸುಮ್ಮನಾಗುತ್ತಿದ್ದರೇನೋ. ಇವರು, ಹಾಗಾದರೆ ರೋಗಿಯ ಗೆಡ್ಡೆಯೊಳಗೂ ಇಂಥ ಬ್ಯಾಕ್ಟೀರಿಯ ಇದ್ದೀತೆ ಎಂದು ಕೇಳಿಕೊಂಡರು. ಮೇದೋಜೀರಕದ 113 ಕ್ಯಾನ್ಸರ್ ಗೆಡ್ಡೆಗಳನ್ನು ಪರೀಕ್ಷಿಸಿದಾಗ 86ರಲ್ಲಿ ಬ್ಯಾಕ್ಟೀರಿಯ ಸಿಕ್ಕವು. ಅವು ಹೆಚ್ಚಾಗಿ ಮೈಕೊಪ್ಲಾಸ್ಮವಲ್ಲ, ಬೇರೆ ಗುಂಪಿನವು. ಆದರೆ ಆ ಗುಂಪಿನ ಹಲವಕ್ಕೆ ಜೆಮ್‌ಸೈಟಬಿನ್ ಮುರಿಯುವ ಶಕ್ತಿ ಇದೆ. ಇದು ಪ್ರಕಟವಾದದ್ದು 2017ರಲ್ಲಿ. ಸೋಂಕನ್ನು ಸೋಂಕೆಂದು ಗುರುತಿಸಿದ್ದರಿಂದಲೇ ಇದು ಸಾಧ್ಯವಾಯಿತು ಎಂಬುದನ್ನು ಮರೆಯುವಂತಿಲ್ಲ.

ನಾಲ್ಕು ದಾರಿಗಳು

ಹಾಗಾದರೆ ಗುರುತಿಸುವುದು ಹೇಗೆ? ಎಲ್ಲಕ್ಕಿಂತ ಹಳೆಯ ದಾರಿ ಮೈಕೊಪ್ಲಾಸ್ಮವನ್ನೇ ಬೆಳೆಸಿ ನೋಡುವುದು. ಕುದುರೆಯ ಸೀರಂ, ಯೀಸ್ಟ್ ಸಾರ ಮೊದಲಾದವನ್ನು ಬೆರೆಸಿದ ದ್ರವದಲ್ಲಿಯೂ ಅಗಾರ್ ತಟ್ಟೆಯಲ್ಲಿಯೂ ಮಾದರಿಯನ್ನು ಹಾಕಿ, ಆಮ್ಲಜನಕ ಕಡಿಮೆಯಿರುವ ಪೆಟ್ಟಿಗೆಯಲ್ಲಿ ಬೆಚ್ಚಗೆ ಇಡುತ್ತಾರೆ. ದ್ರವದಿಂದ ಆಗಾಗ ಸ್ವಲ್ಪ ತೆಗೆದು ಹೊಸ ತಟ್ಟೆಗೆ ಹಾಕುತ್ತಾರೆ. ಮೈಕೊಪ್ಲಾಸ್ಮ ಇದ್ದರೆ ತಟ್ಟೆಯ ಮೇಲೆ, ಮಿಲಿಮೀಟರಿಗಿಂತಲೂ ಚಿಕ್ಕ, ಎಣ್ಣೆಯಲ್ಲಿ ಕರಿದ ಮೊಟ್ಟೆಯಂತೆ ಕಾಣುವ ಕಾಲೊನಿಗಳು ಏಳುತ್ತವೆ. ನಡುವಿನ ಭಾಗ ಅಗಾರಿನೊಳಕ್ಕೆ ಇಳಿದು ಬೆಳೆದಿರುವುದರಿಂದ ಅದು ದಟ್ಟವಾಗಿ ಹಳದಿ ಭಾಗದಂತೆಯೂ, ಸುತ್ತ ಹರಡಿದ್ದು ತೆಳ್ಳಗೆ ಬಿಳಿ ಭಾಗದಂತೆಯೂ ತೋರುತ್ತದೆ. ಕಂಡರೆ ಅನುಮಾನವೇ ಇಲ್ಲ. ತತ್ತ್ವತಃ ಒಂದೇ ಒಂದು ಜೀವಂತ ಕಣವಿದ್ದರೂ ಕಾಲೊನಿ ಏಳಬೇಕು. ಔಷಧ ಸಂಹಿತೆಗಳು ಲಸಿಕೆಯಂಥ ಉತ್ಪನ್ನಗಳಿಗೆ ಈ ಪರೀಕ್ಷೆಯನ್ನು ಗೌರವದಿಂದ ಉಳಿಸಿಕೊಂಡಿವೆ. ಆದರೆ ಬೇಕಾಗುವ ಕಾಲ ಸುಮಾರು 28 ದಿನ. ಮೇಲಾಗಿ ಹಯೊರೈನಿಸ್‌ನ ಕೆಲವು ತಳಿಗಳು ಜೀವಕೋಶಕ್ಕೆ ಅಂಟಿಕೊಂಡು ಚೆನ್ನಾಗಿ ಬೆಳೆದರೂ ಅಗಾರಿನಲ್ಲಿ ಬೆಳೆಯುವುದೇ ಇಲ್ಲ.

ಎರಡನೆಯದು ಬಣ್ಣದ ದಾರಿ. ಹೂಕ್ಸ್ಟ್ 33258 ಎಂಬ ವಸ್ತು ಡಿ.ಎನ್.ಎ.ಗೆ ಅಂಟಿಕೊಂಡು, ಅತಿನೇರಿಳೆ ಬೆಳಕು ಬಿದ್ದಾಗ ನೀಲಿಯಾಗಿ ಹೊಳೆಯುತ್ತದೆ. 1977ರಿಂದ ಮೈಕೊಪ್ಲಾಸ್ಮ ಪತ್ತೆಗೆ ಇದನ್ನು ಬಳಸಲಾಗುತ್ತಿದೆ. ಅನುಮಾನವಿರುವ ಸೀಸೆಯ ದ್ರವವನ್ನು, ಶುದ್ಧವೆಂದು ಖಚಿತವಾಗಿರುವ ಸೂಚಕ ಕೋಶಗಳ ಮೇಲೆ ಹಾಕಿ ಮೂರರಿಂದ ಐದು ದಿನ ಬಿಡುತ್ತಾರೆ. ಕೋತಿಯ ಮೂತ್ರಪಿಂಡದಿಂದ ಬಂದ ವೀರೋ ಕೋಶಗಳು ಇದಕ್ಕೆ ಒಳ್ಳೆಯವು. ಅವು ಚಪ್ಪಟೆಯಾಗಿ ಹರಡಿಕೊಳ್ಳುತ್ತವೆ. ಬಣ್ಣ ಹಾಕಿ ನೋಡಿದಾಗ ಶುದ್ಧ ಕೋಶದಲ್ಲಿ ಕೋಶಕೇಂದ್ರ ಮಾತ್ರ ಕತ್ತಲಲ್ಲಿ ಚಂದ್ರನಂತೆ ಹೊಳೆಯುತ್ತದೆ, ಸುತ್ತ ಕಪ್ಪು. ಸೋಂಕಿದ್ದರೆ ಕೋಶದ ಮೈಮೇಲೆಲ್ಲ, ಚಂದ್ರನ ಸುತ್ತ ನಕ್ಷತ್ರ ಎರಚಿದಂತೆ, ಸಣ್ಣ ಚುಕ್ಕೆಗಳು. ಸತ್ತ ಕೋಶಗಳ ಚೂರುಗಳೂ ಹೊಳೆಯುತ್ತವೆ. ಅವು ಒಂದೊಂದು ಒಂದೊಂದು ಗಾತ್ರ. ಮೈಕೊಪ್ಲಾಸ್ಮದ ಚುಕ್ಕೆಗಳು ಸಾಸಿವೆ ಕಾಳಿನಂತೆ ಹೆಚ್ಚುಕಡಿಮೆ ಒಂದೇ ಗಾತ್ರ. ಈ ವ್ಯತ್ಯಾಸ ತಿಳಿಯಲು ಕಣ್ಣು ಪಳಗಬೇಕು. ಅಗಾರಿನಲ್ಲಿ ಬೆಳೆಯದ ತಳಿಗಳು ಇಲ್ಲಿ ತಪ್ಪಿಸಿಕೊಳ್ಳಲಾರವು.

ಮೂರನೆಯದು ಪಿ.ಸಿ.ಆರ್. ಕೋವಿಡ್ ಕಾಲದಲ್ಲಿ ಮನೆಮನೆಗೂ ಪರಿಚಯವಾದ ಹೆಸರು. ಕ್ಯಾರಿ ಮಲ್ಲಿಸ್‌ಗೆ 1983ರಲ್ಲಿ ಹೊಳೆದ, 1993ರ ನೊಬೆಲ್ ತಂದ ಈ ವಿಧಾನ ಡಿ.ಎನ್.ಎ.ಯ ಆಯ್ದ ತುಣುಕನ್ನು ಪ್ರತಿ ಸುತ್ತಿನಲ್ಲೂ ಎರಡರಷ್ಟು ಮಾಡುತ್ತದೆ. ಲೆಕ್ಕ ಹಾಕಿ ನೋಡಿ: 30 ಸುತ್ತು ಸರಿಯಾಗಿ ನಡೆದರೆ ಒಂದು ತುಣುಕು 107 ಕೋಟಿ ಆಗುತ್ತದೆ. ಆಯ್ದುಕೊಳ್ಳುವುದು ಯಾವ ತುಣುಕನ್ನು? ಪ್ರೋಟೀನ್ ಕಟ್ಟುವ ರೈಬೋಸೋಮಿನ 16 ಎಸ್ ಎಂಬ ಆರ್.ಎನ್.ಎ.ಯ ವಂಶವಾಹಿಯನ್ನು. ಅದರ ಕೆಲವು ಭಾಗಗಳು ಮೈಕೊಪ್ಲಾಸ್ಮ ಪ್ರಭೇದಗಳಲ್ಲೆಲ್ಲ ಒಂದೇ ತೆರನಾಗಿವೆ, ಪ್ರಾಣಿಕೋಶದಲ್ಲಿ ಇಲ್ಲ. ಆದ್ದರಿಂದ ಒಂದೇ ಪರೀಕ್ಷೆಯಲ್ಲಿ ಹಲವು ಪ್ರಭೇದಗಳು ಬಲೆಗೆ ಬೀಳುತ್ತವೆ, ಅದೂ ಕೆಲವೇ ಗಂಟೆಗಳಲ್ಲಿ. ಯೂರೋಪಿನ ಔಷಧ ಸಂಹಿತೆ, ಮಿಲಿಲೀಟರಿಗೆ 10 ಕಾಲೊನಿ ಏಳಿಸುವಷ್ಟು ಮೈಕೊಪ್ಲಾಸ್ಮವನ್ನು ಹಿಡಿಯಬಲ್ಲೆನೆಂದು ಸಾಬೀತು ಮಾಡಿದರೆ, ಹಳೆಯ ವಿಧಾನದ ಬದಲು ಇಂಥ ಪರೀಕ್ಷೆ ನಡೆಸಲು ಒಪ್ಪುತ್ತದೆ.

ಇಲ್ಲಿ ವಿದ್ಯಾರ್ಥಿಗಳು ಗಮನಿಸಬೇಕಾದ ಒಂದು ಅಂಶವಿದೆ. ಪಿ.ಸಿ.ಆರ್. ಏನನ್ನೂ ತೋರಿಸಲಿಲ್ಲ ಎಂದರೆ ಎರಡು ಅರ್ಥ: ಮೈಕೊಪ್ಲಾಸ್ಮ ಇಲ್ಲ, ಅಥವಾ ಪರೀಕ್ಷೆಯೇ ನಡೆದಿಲ್ಲ. ಮಾದರಿಯಲ್ಲಿನ ಯಾವುದೋ ವಸ್ತು ಕಿಣ್ವವನ್ನು ಕಟ್ಟಿಹಾಕಿರಬಹುದು. ಅದಕ್ಕಾಗಿ ಮಾದರಿಯೊಳಕ್ಕೇ ಗೊತ್ತಿರುವ ಬೇರೊಂದು ಡಿ.ಎನ್.ಎ.ಯನ್ನು ಚಿಟಿಕೆಯಷ್ಟು ಬೆರೆಸುತ್ತಾರೆ. ಅದರ ಗೆರೆ ಕಾಣಿಸಬೇಕು, ಮೈಕೊಪ್ಲಾಸ್ಮದ ಗೆರೆ ಕಾಣಿಸಬಾರದು. ಆಗ ಮಾತ್ರ 'ಇಲ್ಲ' ಎನ್ನಬಹುದು. ಎರಡೂ ಕಾಣಿಸದಿದ್ದರೆ ಪರೀಕ್ಷೆಗೆ ಬೆಲೆಯಿಲ್ಲ. ಇದರ ಜೊತೆಗೆ ಮೈಕೊಪ್ಲಾಸ್ಮದ ಡಿ.ಎನ್.ಎ. ಇರುವ ಒಂದು ಕೊಳವೆ, ಬರೀ ನೀರಿರುವ ಇನ್ನೊಂದು ಕೊಳವೆ ಇರಲೇಬೇಕು. ನೀರಿನ ಕೊಳವೆಯಲ್ಲಿ ಗೆರೆ ಬಂದರೆ ಹೊರಗಿನ ಡಿ.ಎನ್.ಎ. ಎಲ್ಲಿಂದಲೋ ಹಾರಿಬಂದಿದೆ ಎಂದರ್ಥ. ಪಿ.ಸಿ.ಆರ್.ಗೆ ಸತ್ತದ್ದೂ ಬದುಕಿದ್ದೂ ಒಂದೇ. ಔಷಧಿ ಹಾಕಿ ಮೈಕೊಪ್ಲಾಸ್ಮವನ್ನು ಕೊಂದ ಮರುದಿನ ನೋಡಿದರೆ ಉಳಿದ ಡಿ.ಎನ್.ಎ.ಯಿಂದಾಗಿ 'ಇದೆ' ಎಂದೇ ಹೇಳುತ್ತದೆ.

ನಾಲ್ಕನೆಯದು ಮಿಂಚುಹುಳುವಿನ ಉಪಕಾರ. ಮೈಕೊಪ್ಲಾಸ್ಮದ ಕೆಲವು ಕಿಣ್ವಗಳು ಎ.ಡಿ.ಪಿ.ಯನ್ನು ಎ.ಟಿ.ಪಿ. ಆಗಿಸುತ್ತವೆ, ಆ ಕಿಣ್ವಗಳು ಪ್ರಾಣಿಕೋಶಗಳಲ್ಲಿಲ್ಲ. ಬೇಕಾದ ಕಚ್ಚಾವಸ್ತು ಕೊಟ್ಟರೆ, ಹುಟ್ಟಿದ ಎ.ಟಿ.ಪಿ.ಯನ್ನು ಮಿಂಚುಹುಳುವಿನ ಲೂಸಿಫೆರೇಸ್ ಬೆಳಕಾಗಿಸುತ್ತದೆ. ಮೊದಲಿಗಿಂತ ಬೆಳಕು ಹೆಚ್ಚಿದರೆ ಸೋಂಕಿದೆ. ಸುಮಾರು 20 ನಿಮಿಷ ಸಾಕು. ಪ್ರತಿದಿನದ ಕಾವಲಿಗೆ ಅನುಕೂಲ. ಆದರೆ ತೀರ ಕಡಿಮೆ ಸೋಂಕನ್ನು ಹಿಡಿಯುವಲ್ಲಿ ಪಿ.ಸಿ.ಆರ್.ನಷ್ಟು ಚುರುಕಲ್ಲ. ಒಂದನ್ನೇ ನಂಬುವುದಕ್ಕಿಂತ ಬೇರೆ ಬೇರೆ ತತ್ತ್ವದ ಎರಡು ಪರೀಕ್ಷೆಗಳನ್ನು ಜೊತೆಯಾಗಿ ಮಾಡುವುದು ಮೇಲು ಎಂಬುದು ಈ ಲೇಖಕನ ಅಭಿಪ್ರಾಯ, ಅನುಭವಿಗಳ ಅಭಿಪ್ರಾಯವೂ ಹೌದು.

ಯಾವ ಪರೀಕ್ಷೆಯಾದರೂ ಮಾದರಿ ತೆಗೆಯುವಲ್ಲಿಯೇ ಅರ್ಧ ಸೋಲು ಗೆಲುವು. ಹೊಸ ದ್ರವ ಹಾಕಿದ ಕೂಡಲೇ ತೆಗೆದರೆ ಮೈಕೊಪ್ಲಾಸ್ಮ ತೊಳೆದುಹೋಗಿರುತ್ತದೆ. ಎರಡು ಮೂರು ದಿನ ದ್ರವ ಬದಲಿಸದೆ, ಕೋಶಗಳು ಒತ್ತೊತ್ತಾಗಿ ಬೆಳೆದ ಮೇಲೆ ತೆಗೆಯಬೇಕು. ಅದಕ್ಕೂ ಮುಂಚೆ ಸುಮಾರು ಎರಡು ವಾರ ಆಂಟಿಬಯಾಟಿಕ್ ಇಲ್ಲದ ದ್ರವದಲ್ಲಿ ಬೆಳೆಸಬೇಕು. ಇಲ್ಲವಾದರೆ ಸ್ಟ್ರೆಪ್ಟೊಮೈಸಿನ್‌ನಂಥವು ಮೈಕೊಪ್ಲಾಸ್ಮವನ್ನು ಕೊಲ್ಲದೆ ಸುಮ್ಮನೆ ಅಡಗಿಸಿಟ್ಟಿರಬಹುದು. ದ್ರವದೊಡನೆ ಕೆಲವು ಕೋಶಗಳನ್ನೂ ಕೆರೆದು ಸೇರಿಸಬೇಕು, ಅಂಟಿಕೊಂಡವು ತಪ್ಪಿಹೋಗಬಾರದಲ್ಲ.

ಸೋಂಕು ಇದೆ ಎಂದಾದರೆ?

ಎಸೆಯುವುದೇ ಸರಿ. ಸೀಸೆಯನ್ನು ಹಾಗೆಯೇ ಆಟೊಕ್ಲೇವ್‌ನಲ್ಲಿ, ಅಂದರೆ ದೊಡ್ಡ ಪ್ರೆಷರ್ ಕುಕ್ಕರಿನಂಥ ಪಾತ್ರೆಯಲ್ಲಿ, 121 ಡಿಗ್ರಿ ಉಷ್ಣತೆಯಲ್ಲಿ ಬೇಯಿಸಿ, ಶುದ್ಧವಾದ ಹಳೆಯ ದಾಸ್ತಾನಿನಿಂದ ಮತ್ತೆ ಆರಂಭಿಸುತ್ತಾರೆ. ರೋಗಿಯೊಬ್ಬರಿಂದ ಪಡೆದ, ಮತ್ತೆ ಸಿಗದ ಕೋಶಗಳಾದರೆ ಮಾತ್ರ ಚಿಕಿತ್ಸೆಯ ಯೋಚನೆ. ಸಿಪ್ರೊಫ್ಲಾಕ್ಸಸಿನ್, ಅಥವಾ ಟಿಯಾಮುಲಿನ್ ಮತ್ತು ಮಿನೋಸೈಕ್ಲಿನ್ ಒಂದಾದ ಮೇಲೊಂದರಂತೆ ಎರಡು ಮೂರು ವಾರ ಕೊಡುತ್ತಾರೆ. ಎಲ್ಲ ಸಲವೂ ಫಲಿಸುವುದಿಲ್ಲ. ಔಷಧಿಗೆ ಬಗ್ಗದ ತಳಿಗಳಿವೆ, ಕೋಶಗಳೇ ಔಷಧಿಯಿಂದ ಸಾಯುವುದೂ ಉಂಟು. ಚಿಕಿತ್ಸೆ ಮುಗಿದ ಮೇಲೆ ಕನಿಷ್ಠ ಎರಡು ವಾರ ಔಷಧಿಯಿಲ್ಲದೆ ಬೆಳೆಸಿ ಮತ್ತೆ ಪರೀಕ್ಷೆ.

ಹೊರಗಿನಿಂದ ಬಂದ ಕೋಶಗಳನ್ನು, ಅವು ಯಾರ ಪ್ರಯೋಗಶಾಲೆಯಿಂದಲೇ ಬರಲಿ, ಪುಣೆಯ ರಾಷ್ಟ್ರೀಯ ಜೀವಕೋಶ ವಿಜ್ಞಾನ ಕೇಂದ್ರದಂಥ ಭಂಡಾರದಿಂದಲೇ ಬರಲಿ, ಪರೀಕ್ಷೆಯ ಫಲ ಬರುವ ತನಕ ಬೇರೆ ಇನ್‌ಕ್ಯುಬೇಟರಿನಲ್ಲಿ ಇಡುವುದು ಶಿಸ್ತಿನ ಪ್ರಯೋಗಶಾಲೆಗಳ ಪದ್ಧತಿ. ಆ ಸೀಸೆಗೆ ದ್ರವದ ಬಾಟಲಿಯೂ ಬೇರೆ, ದಿನದ ಕೆಲಸದಲ್ಲಿ ಅದರ ಸರದಿಯೂ ಎಲ್ಲಕ್ಕಿಂತ ಕೊನೆಗೆ. ಆಮೇಲೂ ತಿಂಗಳಿಗೊಮ್ಮೆ ಪರೀಕ್ಷೆ, ಹೆಪ್ಪುಗಟ್ಟಿಸಿಡುವ ಮುನ್ನ ಇನ್ನೊಮ್ಮೆ. ಸೋಂಕು ಸಿಕ್ಕಿದರೆ, ಕಳೆದ ಪರೀಕ್ಷೆಯಲ್ಲಿ ಶುದ್ಧವೆಂದು ಬಂದ ದಿನದಿಂದ ಈಚೆಗೆ ಆ ಕೋಶಗಳನ್ನು ಎರವಲು ಪಡೆದವರೆಲ್ಲರಿಗೂ ಪತ್ರ ಹೋಗುತ್ತದೆ, ಆ ಅವಧಿಯಲ್ಲಿ ಪಡೆದ ಫಲಿತಾಂಶಗಳನ್ನೆಲ್ಲ ಪಕ್ಕಕ್ಕಿಟ್ಟು ಪ್ರಯೋಗವನ್ನು ಶುದ್ಧ ಕೋಶಗಳಲ್ಲಿ ಮತ್ತೊಮ್ಮೆ ಮಾಡಲಾಗುತ್ತದೆ.